ರೈಲಿನ ಪಾಸ್ ಇಲ್ಲದವರು

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿಯುತ್ತಿದ್ದಂತೆ ಕರ್ನಾಟಕದ ಕೆಲವು ಮನೆಗಳಲ್ಲಿ ಒಂದೇ ಥರದ ಮಾತುಕತೆ ಶುರುವಾಗುತ್ತದೆ. ಗಂಡನಿಗೆ ಮುಂಬಯಿಗೆ ವರ್ಗವಾಗಿದೆ, ಆಫೀಸು ವಿಕ್ರೋಳಿಯಲ್ಲಿ. ದಾವಣಗೆರೆಯಲ್ಲೋ ಹುಬ್ಬಳ್ಳಿಯಲ್ಲೋ ಇರುವ ಹೆಂಡತಿ, ಎಂಟನೇ ಕ್ಲಾಸಿಗೆ ಹೋಗಬೇಕಾದ ಮಗಳು, ಎರಡನೇ ಕ್ಲಾಸಿನ ಮಗ, ಮಂಡಿನೋವಿನ ಅಜ್ಜಿ, ಎಲ್ಲರೂ ಜೂನ್ ಒಳಗೆ ಹೊರಡಬೇಕು. ಮನೆ ಎಲ್ಲಿ ಮಾಡುವುದು? ಫೋನಿನಲ್ಲಿ ಸಲಹೆ ಕೊಡುವ ನೆಂಟರದು ಒಂದೇ ಮಾತು: "ವಿಕ್ರೋಳಿಯಲ್ಲಿ ಆ ಬಾಡಿಗೆಗೆ ಒಂದು ರೂಮು, ಒಂದು ಅಡುಗೆಮನೆ ಸಿಕ್ಕರೆ ಹೆಚ್ಚು. ಬದ್ಲಾಪುರದಲ್ಲಿ ನೋಡಿ, ಎರಡು ಬೆಡ್‌ರೂಮು ಸಿಗುತ್ತೆ. ರೈಲಿದೆಯಲ್ಲ!"

ಈ 'ರೈಲಿದೆಯಲ್ಲ' ಎಂಬ ಮಾತಿನಷ್ಟು ದುಬಾರಿಯಾದ ಸಲಹೆ ಮತ್ತೊಂದಿಲ್ಲ.

ಲೆಕ್ಕ ಹಾಕಿ ನೋಡಿ. ಬದ್ಲಾಪುರದಿಂದ ವಿಕ್ರೋಳಿಗೆ ಸುಮಾರು 45 ಕಿ.ಮೀ. ವಿಕ್ರೋಳಿ ಸ್ಲೋ ಗಾಡಿಗಳ ಸ್ಟೇಷನ್. ಫಾಸ್ಟ್ ಹಿಡಿದು ಬಂದವರು ಠಾಣೆಯಲ್ಲಿ ಇಳಿದು ಗಾಡಿ ಬದಲಿಸಬೇಕು. ಮನೆಯ ಬಾಗಿಲಿಂದ ಆಫೀಸಿನ ಬಾಗಿಲಿಗೆ ಹೋಗಿ ಬರುವುದು ದಿನಕ್ಕೆ ಮೂರು ಗಂಟೆಗೆ ಕಡಿಮೆಯಾಗದು. ತಿಂಗಳಿಗೆ 25 ದಿನ ಎಂದರೂ 75 ಗಂಟೆ, ಅಂದರೆ ಮೂರು ಹಗಲು ಮೂರು ರಾತ್ರಿ. ಇಷ್ಟು ಹೊತ್ತನ್ನು ಯಾವ ಕಂಪನಿಯೂ ಸಂಬಳದಲ್ಲಿ ಸೇರಿಸುವುದಿಲ್ಲ. ಮನೆಯಲ್ಲಿರುವವರು ಅದನ್ನು ತುಂಬಿಕೊಡುತ್ತಾರೆ. ಮಗನಿಗೆ ಜ್ವರ ಬಂದ ರಾತ್ರಿ ಒಬ್ಬಳೇ ಡಾಕ್ಟರ್ ಹತ್ತಿರ ಓಡುವವಳು, ಗೊತ್ತಿಲ್ಲದ ಭಾಷೆಯಲ್ಲಿ ಶಾಲೆಯವರ ಜೊತೆ ಮಾತಾಡುವವಳು, ಅಜ್ಜಿಯನ್ನು ಕೈಹಿಡಿದು ಮೆಟ್ಟಿಲು ಇಳಿಸುವವಳು ತುಂಬಿಕೊಡುತ್ತಾಳೆ. ಎರಡನೇ ಬೆಡ್‌ರೂಮಿನ ನಿಜವಾದ ಬಾಡಿಗೆ ಅದು. ಅವಳ ಹೆಸರಿನಲ್ಲಿ ರೈಲಿನ ಪಾಸೂ ಇಲ್ಲ, ಮನೆ ಆರಿಸುವ ಮಾತಿನಲ್ಲಿ ಅವಳಿಗೆ ಪಾಲೂ ಇಲ್ಲ.

ಈ ಸಲಹೆ ಎಲ್ಲಿಂದ ಬಂತು? ಮುಂಬಯಿ ಕನ್ನಡಿಗರ ಹಳೆಯ ಅನುಭವದಿಂದ. ಅದು ಬಹುಮಟ್ಟಿಗೆ ಒಂಟಿಯಾಗಿ ಬಂದ ಗಂಡಸರ ಅನುಭವ. ಕರಾವಳಿಯಿಂದ ಬಂದ ಹುಡುಗರು ಹೋಟೆಲಿನಲ್ಲಿ ದುಡಿದರು, ಅಲ್ಲೇ ಮಲಗಿದರು, ಕನ್ನಡದ ರಾತ್ರಿಶಾಲೆಗಳಲ್ಲಿ ಓದಿದರು. ಹೆಂಡತಿ ಮಕ್ಕಳು ಊರಲ್ಲಿದ್ದರು. ಆ ಬದುಕಿನ ಸಾಹಸಕ್ಕೆ ಕೈ ಮುಗಿಯಬೇಕು. ಆದರೆ ಮಲಗಲು ಜಾಗ, ಹತ್ತಲು ಗಾಡಿ ಇದ್ದರೆ ಸಾಕು ಎನ್ನುವುದು ಒಂಟಿ ಮನುಷ್ಯನ ವಿವೇಕ. ನಾಲ್ಕು ಜನರ ಸಂಸಾರಕ್ಕೆ ಅದನ್ನೇ ಹಾಗೆಯೇ ಒಪ್ಪಿಸಿದರೆ ಅದು ವಿವೇಕವಲ್ಲ, ಸೋಮಾರಿತನ.

ಎರಡನೇ ಸಲಹೆಯೂ ಸಿದ್ಧವಾಗಿರುತ್ತದೆ: "ನಮ್ಮವರು ಇರುವ ಕಡೆ ಹೋಗಿ, ಮಕ್ಕಳ ಕನ್ನಡ ಉಳಿಯುತ್ತೆ." ಕನ್ನಡ ಸಂಘಗಳು ಬೇಕು. 1926ರ ಮೈಸೂರು ಅಸೋಸಿಯೇಷನ್, 1933ರ ಕರ್ನಾಟಕ ಸಂಘ ಮುಂಬಯಿಯಲ್ಲಿ ಮಾಡಿದ ಕೆಲಸ ಚಿಕ್ಕದಲ್ಲ. ಆದರೆ ತಿಂಗಳಿಗೊಮ್ಮೆ ನಾಟಕಕ್ಕೆ ಹೋಗಿ ಬಂದ ಮಾತ್ರಕ್ಕೆ ಮಗುವಿನ ಕನ್ನಡ ಉಳಿಯುವುದಿಲ್ಲ. ಅಪ್ಪ ರಾತ್ರಿ ಎಂಟರೊಳಗೆ ಮನೆಗೆ ಬಂದು ಊಟಕ್ಕೆ ಕೂತು ಮಾತಾಡಿದರೆ ಉಳಿಯುತ್ತದೆ. ಸುತ್ತಲಿನ ಮರಾಠಿಯಿಂದ ಅದಕ್ಕೆ ಅಪಾಯವಿಲ್ಲ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡ ಎಂಬ ಹಳ್ಳಿಯ ಬಗ್ಗೆ ಭಾಷಾವಿಜ್ಞಾನಿಗಳಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಅಲ್ಲಿ ಕನ್ನಡ, ಮರಾಠಿ, ಉರ್ದು ಶತಮಾನಗಳ ಕಾಲ ಒಂದೇ ಬೀದಿಯಲ್ಲಿ ಬಾಳಿ, ವಾಕ್ಯದ ಕಟ್ಟಿನಲ್ಲಿ ಒಂದನ್ನೊಂದು ಹೋಲುವಷ್ಟು ಹತ್ತಿರವಾದವು. ಹಾಗಿದ್ದೂ ಮನೆಮಾತುಗಳು ಅಳಿಯಲಿಲ್ಲ. ಬೀದಿಗೆ ಬೀದಿಯ ಭಾಷೆ ಇತ್ತು, ಮನೆಯಲ್ಲಿ ಮಾತಾಡಲು ಜನರಿದ್ದರು. ಇಂದಿನ ಕುಟುಂಬಕ್ಕೂ ಬೇಕಾದದ್ದು ಆ ಎರಡೇ. 2020ರ ಕಾಯಿದೆಯಂತೆ ಮಹಾರಾಷ್ಟ್ರದ ಶಾಲೆಗಳಲ್ಲಿ ಒಂದರಿಂದ ಹತ್ತರವರೆಗೆ ಮರಾಠಿ ಕಲಿಕೆ ಹೇಗೂ ಕಡ್ಡಾಯ. ಹುಡುಗ ಅದನ್ನು ಟ್ಯೂಷನ್ನಿನಲ್ಲಿ ಅಳುತ್ತಾ ಕಲಿಯಬೇಕೇ, ಕಟ್ಟಡದ ಕೆಳಗೆ ಕ್ರಿಕೆಟ್ ಆಡುತ್ತಾ ಕಲಿಯಬೇಕೇ ಎನ್ನುವುದು ಮಾತ್ರ ತಂದೆತಾಯಿಯ ಕೈಯಲ್ಲಿದೆ.

ಕೆಲಸ, ಮನೆ, ಶಾಲೆ ಹತ್ತಿರ ಹತ್ತಿರ ಇರಬೇಕು ಎನ್ನುವುದು ವಿಕ್ರೋಳಿಗೆ ಹೊಸ ಮಾತಲ್ಲ. ಗೋದ್ರೆಜ್‌ನವರು ಇಲ್ಲಿ ಕಾರ್ಖಾನೆ ಹೂಡಿದಾಗ ನೌಕರರಿಗೆ ಮನೆಗಳನ್ನೂ ಕಟ್ಟಿಸಿದರು. ಉದಯಾಚಲ ಶಾಲೆ ಶುರುವಾದದ್ದು 1955ರಲ್ಲಿ. ಪೂರ್ವ ಭಾಗದ ಟಾಗೋರ್ ನಗರ, ಕನ್ನಂವಾರ್ ನಗರಗಳು ಸರ್ಕಾರದ ಗೃಹಮಂಡಳಿ ಕಟ್ಟಿದ ವಸಾಹತುಗಳು. ಮನೆಗಳು ಚಿಕ್ಕವು, ಕಟ್ಟಡಗಳು ಹಳೆಯವು, ಎಷ್ಟೋ ಈಗ ಮರುನಿರ್ಮಾಣಕ್ಕೆ ಹೋಗುತ್ತಿವೆ. ಆದರೆ ಕಾರ್ಖಾನೆಯ ಮಾಲೀಕರಿಗೆ ಎಪ್ಪತ್ತು ವರ್ಷದ ಹಿಂದೆ ತಿಳಿದಿದ್ದು ಇಂದಿನ ಸಂಸಾರಸ್ಥರಿಗೆ ತಿಳಿಯದೇ ಹೋದರೆ ಹೇಗೆ?

ಹಾಗೆಂದು ವಿಕ್ರೋಳಿ ಎಂದ ಮಾತ್ರಕ್ಕೆ ಕಣ್ಣುಮುಚ್ಚಿ ಹೋಗುವುದಲ್ಲ. 2021ರ ಜುಲೈ 18ರ ಮಳೆಯಲ್ಲಿ ಪಶ್ಚಿಮ ಭಾಗದ ಸೂರ್ಯನಗರದ ಇಳಿಜಾರಿನಲ್ಲಿ ಮನೆಗಳು ಕುಸಿದು ಜನ ಸತ್ತರು. ಮೇ ತಿಂಗಳಲ್ಲಿ ಮುಂಬಯಿಯ ಎಲ್ಲ ಮನೆಗಳೂ ಒಣಗಿಯೇ ಇರುತ್ತವೆ. ಗುಡ್ಡ ಎಲ್ಲಿದೆ, ನೀರು ಎಲ್ಲಿ ನಿಲ್ಲುತ್ತದೆ ಎಂದು ಬ್ರೋಕರನನ್ನು ಕೇಳಿ ಫಲವಿಲ್ಲ. ಕೆಳಗಿನ ಕಿರಾಣಿ ಅಂಗಡಿಯವನನ್ನು ಕೇಳಬೇಕು. ಲೀವ್ ಅಂಡ್ ಲೈಸೆನ್ಸ್ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಒಂದು ಮಳೆಗಾಲ ಕಳೆಯುವ ಮೊದಲು ಯಾರೂ ಮನೆ ಕೊಳ್ಳಬಾರದು.

ಮನೆ ಬದಲಿಸಬಹುದು, ಮಗಳ ಹತ್ತನೇ ಕ್ಲಾಸು ಬದಲಿಸಲಾಗದು. ರಾಜ್ಯದ ಗಡಿ ದಾಟುವಾಗ ನೆಂಟರು ಯಾರೂ ಎತ್ತದ ವಿಷಯ ಇದು. ಪರಿಶಿಷ್ಟರ ಮನೆಗಳಿಗಂತೂ ಇದೇ ದೊಡ್ಡ ಪ್ರಶ್ನೆ. ತಂದೆಯ ಜೊತೆ ಆಂಧ್ರದಿಂದ ಮುಂಬಯಿಗೆ ಬಂದು ಇಲ್ಲೇ ಓದಿದ ಪರಿಶಿಷ್ಟ ಪಂಗಡದ ಹುಡುಗನಿಗೆ ಇಲ್ಲಿನ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿನಲ್ಲಿ ಮೀಸಲು ಸೀಟು ಸಲ್ಲದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ ತೀರ್ಪು ಕೊಟ್ಟಿತು. ಜಾತಿಯ ಅವಮಾನ ರೈಲು ಹತ್ತಿ ಜೊತೆಗೆ ಬರುತ್ತದೆ, ರಾಜ್ಯದ ಮೀಸಲಾತಿ ಬರುವುದಿಲ್ಲ. ಉಳಿದವರೂ ನಿಶ್ಚಿಂತರಲ್ಲ. ಮಹಾರಾಷ್ಟ್ರದ ವೈದ್ಯಕೀಯ ಸೀಟುಗಳಿಗೆ ಹತ್ತು, ಹನ್ನೆರಡು ಎಲ್ಲಿ ಓದಿದ್ದು ಎಂದು ನೋಡುತ್ತಾರೆ. ಕರ್ನಾಟಕದ ಸಿಇಟಿಯೂ ರಾಜ್ಯದಲ್ಲಿ ಓದಿದ ವರ್ಷಗಳನ್ನು ಎಣಿಸುತ್ತದೆ. ಎಂಟನೇ ಕ್ಲಾಸಿನ ಹುಡುಗಿ ಎರಡಕ್ಕೂ ಸಲ್ಲದೆ ನಡುವೆ ನಿಲ್ಲಬಾರದು. ನಿಯಮ ಓದಿದ ಮೇಲೆ, ಅಪ್ಪ ಮೂರು ವರ್ಷ ಒಬ್ಬನೇ ಹೋಗುವುದು, ಮಗಳು ಊರಲ್ಲೇ ಹತ್ತು ಮುಗಿಸುವುದು ಸರಿ ಎನಿಸಿದರೆ ಅದೂ ಒಂದು ತೀರ್ಮಾನವೇ.

ವಿಕ್ರೋಳಿಯ ಬಾಡಿಗೆ ಕೈಗೆಟಕದವರೂ ಇದ್ದಾರೆ. ಬೇರೆ ದಾರಿಯಿಲ್ಲದೆ ಬದ್ಲಾಪುರಕ್ಕೆ ಹೋಗುವವರ ಮೇಲೆ ತಕರಾರಿಲ್ಲ. ಅವರು ಸ್ಟೇಷನ್ನಿಗೂ ಶಾಲೆಗೂ ನಡೆದು ಹೋಗುವಷ್ಟು ಹತ್ತಿರ ಮನೆ ನೋಡಲಿ. ತಕರಾರಿರುವುದು ಕೈಯಲ್ಲಿ ಆಯ್ಕೆ ಇದ್ದೂ, ಹೆಂಡತಿಯ ದಿನಗಳನ್ನು ಒತ್ತೆಯಿಟ್ಟು ಚದರಡಿ ಗಳಿಸಿ ಅದನ್ನು ಉಳಿತಾಯ ಎನ್ನುವವರ ಮೇಲೆ.

ಮನೆ ನೋಡಲು ಹೋಗುವಾಗ ಗಂಡ ಒಬ್ಬನೇ ಹೋಗುವುದು ಬೇಡ. ಹೆಂಡತಿ ಬರಲಿ, ಸಾಧ್ಯವಾದರೆ ಅಜ್ಜಿಯೂ ಬರಲಿ. ಮೂರನೇ ಮಹಡಿ ಹತ್ತಿ, ಇಳಿದು, ತರಕಾರಿ ತಂದು, ಶಾಲೆಯವರೆಗೆ ನಡೆದು ನೋಡಲಿ. ಬೇಡ ಎಂದರೆ ಬೇಡ. ಆ ಮನೆಯಲ್ಲಿ ಹಗಲು ಕಳೆಯುವವರು ಅವರು.