ಒಗಟೂ ಗಾಳವೂ

ಸಾಮಾಜಿಕ ಜಾಲತಾಣಗಳ ‘ಕ್ಲಿಕ್‌ಬೇಟ್’ ಶೀರ್ಷಿಕೆಗಳನ್ನು ಸಮರ್ಥಿಸುವವರು ಕನ್ನಡದ ಒಗಟಿನ ಪರಂಪರೆಯನ್ನು ಸಾಕ್ಷಿಗೆ ಕರೆಯುವುದುಂಟು. ಹೆಸರನ್ನು ಮರೆಮಾಡಿ ಕುತೂಹಲ ಕೆರಳಿಸುವುದು ಜನಪದರ ಹಳೆಯ ಕಲೆಯಲ್ಲವೇ ಎಂಬುದು ಅವರ ವಾದ. ಈ ವಾದ ನಿಲ್ಲುವುದಿಲ್ಲ. ಒಗಟು ವಸ್ತುವಿನ ಹೆಸರನ್ನಷ್ಟೇ ಮುಚ್ಚಿಡುತ್ತದೆ. ಅದರ ಬಣ್ಣ, ಆಕಾರ, ನಡೆಗಳ ಸುಳಿವನ್ನು ಕೇಳುಗನ ಕೈಗಿತ್ತು ಬಿಡಿಸೆನ್ನುತ್ತದೆ. ‘ಕನ್ನಡದ ಮೊದಲ ಶಾಸನ ಇದಂತೆ! ತಿಳಿದರೆ ಬೆಚ್ಚಿಬೀಳುತ್ತೀರಿ’ ಎಂಬ ಮಾದರಿಯ ಶೀರ್ಷಿಕೆ ಯಾವ ಸುಳಿವನ್ನೂ ಕೊಡುವುದಿಲ್ಲ. ಅದಕ್ಕೆ ಬೇಕಾದದ್ದು ಓದುಗನ ಬೆರಳು ಮಾತ್ರ.

ವ್ಯಾಕರಣ ಬಲ್ಲವರಿಗೆ ಈ ಗಾಳವನ್ನು ಗುರುತಿಸುವುದು ಕಷ್ಟವಲ್ಲ. ‘ಈ ರಾಜ’, ‘ಆ ಕವಿ’, ‘ಇದು’ ಎಂದು ಬರೆದು, ಅವು ಸೂಚಿಸುವ ಹೆಸರನ್ನು ಬೇಕೆಂದೇ ತಡೆಹಿಡಿದಿರುತ್ತದೆ. ಓದುಗನು ಪಡಬೇಕಾದ ಬೆರಗನ್ನೋ ರೋಷವನ್ನೋ ಮೊದಲೇ ವಿಧಿಸಿರುತ್ತದೆ. ತಿಳಿದಿರುವುದಕ್ಕೂ ತಿಳಿಯಬಯಸುವುದಕ್ಕೂ ನಡುವಿನ ಅಂತರದಿಂದ ಕುತೂಹಲ ಹುಟ್ಟುತ್ತದೆಂದು ಜಾರ್ಜ್ ಲೋವೆನ್‌ಸ್ಟೀನ್ 1994ರಲ್ಲಿ ವಿವರಿಸಿದ್ದರು. ಶೀರ್ಷಿಕೆಗಾರರು ಆ ಅಂತರವನ್ನು ಅಗೆದು ಹಾಗೆಯೇ ಬಿಟ್ಟುಹೋಗುತ್ತಾರೆ. ಕೊಂಡಿ ಒತ್ತಿ ಹೋದವರು ತಟಕ್ಕನೆ ಮರಳಿದರೆ ಅಲ್ಲಿ ಓದುವಂಥದ್ದೇನೂ ಇರಲಿಲ್ಲವೆಂದು ಫೇಸ್‌ಬುಕ್ 2014ರಲ್ಲಿಯೇ ಲೆಕ್ಕ ಹಿಡಿಯತೊಡಗಿತು. 2017ರ ಡಿಸೆಂಬರಿನಲ್ಲಿ, ಮೆಚ್ಚುಗೆ, ಹಂಚಿಕೆ, ಟಿಪ್ಪಣಿಗಳನ್ನು ಬೇಡುವ ಬರಹಗಳನ್ನೂ ಹಿಂದಕ್ಕೆ ತಳ್ಳುವುದಾಗಿ ಸಾರಿತು. ‘ನಿಜವಾದ ಕನ್ನಡಿಗರಾದರೆ ಹಂಚಿ’ ಎಂಬ ಅಪ್ಪಣೆ ಈ ಜಾತಿಯದು. (ಹಂಚದವನ ಕನ್ನಡತನವನ್ನು ಪರೀಕ್ಷಿಸುವ ಅಧಿಕಾರ ಇವರಿಗೆ ಯಾರಿಂದ ಬಂತೋ!)

ಸಾಹಿತ್ಯಚರಿತ್ರೆಗೆ ಇದರಿಂದಾಗುವ ಹಾನಿ ಸಣ್ಣದಲ್ಲ. ‘ಕವಿರಾಜಮಾರ್ಗ’ದ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬುದೂ ಕುತೂಹಲದ ಪ್ರಶ್ನೆಯೇ. 1898ರಲ್ಲಿ ಕೆ.ಬಿ. ಪಾಠಕರ ಆವೃತ್ತಿ ಬಂದ ಬಳಿಕ ವಿದ್ವಾಂಸರು ಅದನ್ನು ದೀರ್ಘಕಾಲ ಚರ್ಚಿಸಿದರು. ಗ್ರಂಥದೊಳಗಿನ ಸಾಕ್ಷ್ಯಗಳನ್ನು ಎದುರಿಗಿಟ್ಟು ವಾದಿಸಿದ್ದರಿಂದ, ಒಪ್ಪದವನು ಅದೇ ಸಾಮಗ್ರಿಯಿಂದ ಮರುಮಾತು ಹೇಳಬಹುದಿತ್ತು. ‘ಇತಿಹಾಸಕಾರರು ಮುಚ್ಚಿಟ್ಟ ಸತ್ಯ’ ಎಂಬ ಒಂದು ಸಾಲಿಗೆ ಮರುಮಾತು ಹೇಳುವುದೆಂತು? ಅದರಡಿಯಲ್ಲಿ ಖಂಡನೆ ಬರೆದರೂ ಯಂತ್ರದ ಎಣಿಕೆಗೆ ಅದು ಇನ್ನೊಂದು ಟಿಪ್ಪಣಿಯಷ್ಟೇ. ಖಂಡಿತವಾದ ತಪ್ಪು ಇನ್ನಷ್ಟು ಜನರ ಮುಂದೆ ಬರುವ ಸಂಭವವೇ ಹೆಚ್ಚು. ಹಾಗಾಗಿ ಗಾಳದ ಕೆಳಗೆ ಜಗಳಕ್ಕಿಳಿಯುವ ಪಂಡಿತರು ತಮಗರಿಯದೆ ಗಾಳಗಾರನ ಕೂಲಿಯಾಳುಗಳಾಗುತ್ತಿದ್ದಾರೆ. ಖಂಡನೆಯನ್ನು ಬೇರೆಡೆ, ಆಧಾರಸಹಿತ, ಪ್ರತ್ಯೇಕವಾಗಿ ಬರೆಯಬೇಕು; ಅದರ ಶೀರ್ಷಿಕೆಯಲ್ಲಿಯೇ ಕವಿಯ ಹೆಸರೂ ಕೃತಿಯ ಹೆಸರೂ ಇರಬೇಕು. ತಮ್ಮ ಪ್ರಬಂಧಗಳ ಕೊಂಡಿಗೂ ‘ಆ ಕವಿ ಯಾರು ಗೊತ್ತೇ?’ ಎಂದು ಅಂಟಿಸುವ ತರುಣ ಸಂಶೋಧಕರಿಗೂ ಈ ಮಾತು ಸಲ್ಲುತ್ತದೆ.