ಎದೆಯ ಅಳತೆ ಮತ್ತು ಎದೆಗಾರಿಕೆ

ಚೆನ್ನೈನ ಆಲಂದೂರಿನಲ್ಲಿ ನನ್ನದೊಂದು ಸಣ್ಣ ಫಿಸಿಯೊಥೆರಪಿ ಕ್ಲಿನಿಕ್ ಇದೆ. ಹುಟ್ಟೂರು ಹಾವೇರಿ ಜಿಲ್ಲೆ. ಇಲ್ಲಿಗೆ ಬಂದು ಹದಿನಾರು ವರ್ಷವಾಯಿತು. ಕ್ಲಿನಿಕ್‌ಗೆ ಬರುವ ಐಟಿ ಕಂಪನಿಯ ಹುಡುಗರಲ್ಲಿ ಕೆಲವರು ಮೊಬೈಲಿನಲ್ಲಿ ಯಾವುದೋ ಕಮಾಂಡೊ ಫೋಟೊ ತೋರಿಸಿ, ‘ಡಾಕ್ಟರ್, ಮಂಡಿ ನೋವು ಹೋದ ಮೇಲೆ ಈ ಥರ ಬಾಡಿ ಮಾಡಬೇಕು’ ಎನ್ನುತ್ತಾರೆ. ಅಗಲವಾದ ಎದೆ, ಉಬ್ಬಿದ ತೋಳು. ಸೈನಿಕ ಎಂದರೆ ಹೀಗೇ ಇರಬೇಕು ಎಂಬ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಕೂತಿದೆ.

ಆಗೆಲ್ಲ ನಾನು ಪಕ್ಕದ ಸೇಂಟ್ ಥಾಮಸ್ ಮೌಂಟ್ ಕಡೆಗೆ ಕೈತೋರಿಸುತ್ತೇನೆ. ಇಲ್ಲಿಯವರ ಬಾಯಲ್ಲಿ ಅದು ಪರಂಗಿಮಲೈ. ಅದರ ಬುಡದಲ್ಲಿ ಸೇನೆಯ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ ಇದೆ. ಚೀನಾ ಯುದ್ಧದ ಮರುವರ್ಷ, 1963ರಲ್ಲಿ ಶುರುವಾದದ್ದು. 1992ರಿಂದ ಹೆಣ್ಣುಮಕ್ಕಳೂ ಅಲ್ಲಿ ತರಬೇತಿ ಪಡೆದು ಅಧಿಕಾರಿಗಳಾಗುತ್ತಿದ್ದಾರೆ. ಅಲ್ಲಿಂದ ಹೊರಬರುವವರಲ್ಲಿ ಸಿನಿಮಾ ಹೀರೊನ ಮೈಕಟ್ಟು ಇರುವವರು ಕಡಿಮೆ. ತೆಳ್ಳಗಿನವರು, ಕುಳ್ಳಗಿನವರು, ಕಾಲೇಜು ಮುಗಿಸಿದ ಸಾಮಾನ್ಯ ಮನೆಯ ಮಕ್ಕಳೇ ಹೆಚ್ಚು. ಸುಮಾರು ಹನ್ನೊಂದು ತಿಂಗಳಲ್ಲಿ ಅವರನ್ನು ಬದಲಿಸುವುದು ಜಿಮ್ ಅಲ್ಲ. ಭಾರ ಹೊತ್ತು ಓಡುವುದು, ನಿದ್ದೆಗೆಟ್ಟು ನಡೆಯುವುದು, ದಣಿದಾಗಲೂ ಪಕ್ಕದವನನ್ನು ಬಿಟ್ಟು ಹೋಗದಿರುವುದು, ಇವೇ ಬದಲಿಸುತ್ತವೆ.

ಇದೇ ಗುಡ್ಡಕ್ಕೂ ನಮ್ಮ ಕನ್ನಡ ನಾಡಿಗೂ ಒಂದು ಹಳೆಯ ನಂಟಿದೆ. 1769ರ ಮಾರ್ಚ್ ಕೊನೆಯಲ್ಲಿ ಹೈದರಾಲಿ ತನ್ನ ದೊಡ್ಡ ಸೈನ್ಯವನ್ನೂ ಸಾಮಾನು ಸರಂಜಾಮನ್ನೂ ಬೇರೆ ಕಡೆ ಕಳಿಸಿ, ಆಯ್ದ ಸುಮಾರು ಆರು ಸಾವಿರ ಸವಾರರೊಂದಿಗೆ ಮೂರೂವರೆ ದಿನದಲ್ಲಿ 130 ಮೈಲಿ ದಾಟಿ ಈ ಗುಡ್ಡದ ಬಳಿ ಬಂದು ನಿಂತ. ಕಂಪನಿಯ ಮುಖ್ಯ ಪಡೆ ಹಿಂದೆಯೇ ಉಳಿದಿತ್ತು. ಮದ್ರಾಸಿನ ದೊರೆಗಳು ಏಪ್ರಿಲ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಕೋಟೆಯ ಗೋಡೆ ಒಡೆಯದೆ ಸಿಕ್ಕ ಗೆಲುವು ಇದು. ಆ ಸವಾರರ ಎದೆಯ ಸುತ್ತಳತೆ ಎಷ್ಟಿತ್ತೆಂದು ಯಾರೂ ಕೇಳಲಿಲ್ಲ. ಮನುಷ್ಯ ಮತ್ತು ಕುದುರೆ ಇಬ್ಬರೂ ಮೂರೂವರೆ ದಿನ ತಡೆದುಕೊಂಡರು, ಅಷ್ಟೆ. ಮೈಸೂರಿನ ಫಿರಂಗಿಗಳನ್ನು ಎಳೆದ ಅಮೃತಮಹಲ್ ಎತ್ತುಗಳ ಕಥೆಯೂ ಇದೇ. ಅವು ಮೈತುಂಬಿಕೊಂಡ ಭಾರಿ ಎತ್ತುಗಳಲ್ಲ. ವೇಗ ಮತ್ತು ತಾಳಿಕೆಗೆಂದೇ ತಲೆಮಾರುಗಳ ಕಾಲ ಅರಮನೆಯ ಕಾವಲುಗಳಲ್ಲಿ ಮೇಯಿಸಿ ಬೆಳೆಸಿದ ತಳಿ.

ಮುಂದೆ ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಇದೇ ಮದ್ರಾಸಿನಿಂದ ಇನ್ನೊಂದು ವಾದ ಹೊರಟಿತು. 1881ರಿಂದ 1885ರವರೆಗೆ ಮದ್ರಾಸ್ ಸೇನೆಯ ಮುಖ್ಯಸ್ಥನಾಗಿದ್ದ ಫ್ರೆಡರಿಕ್ ರಾಬರ್ಟ್ಸ್, ದಕ್ಷಿಣದವರಲ್ಲಿ ಯುದ್ಧದ ಕೆಚ್ಚು ಉಳಿದಿಲ್ಲ ಎಂಬ ತೀರ್ಮಾನಕ್ಕೆ ಬಂದ. ಮುಂದೆ ಇಡೀ ಭಾರತದ ಸೇನೆಗೆ ದಂಡನಾಯಕನಾದಾಗ ಅದನ್ನೇ ನೀತಿಯಾಗಿಸಿದ. ಕೆಲವು ಜಾತಿ, ಕೆಲವು ಪ್ರಾಂತ್ಯದವರು ಮಾತ್ರ ಹುಟ್ಟು ಯೋಧರು ಎಂಬ ‘ಸಮರ ಜನಾಂಗ’ದ ಸಿದ್ಧಾಂತ ಹೀಗೆ ಬಲಿಯಿತು. ಮೊದಲ ಮಹಾಯುದ್ಧದ ನಂತರ ಮದ್ರಾಸ್ ಕಾಲಾಳು ಪಡೆಗಳು ಒಂದೊಂದಾಗಿ ಬರಖಾಸ್ತಾದವು. ಎರಡನೇ ಮಹಾಯುದ್ಧ ಬಂದಾಗ ಅದೇ ದಕ್ಷಿಣದವರನ್ನು ಮತ್ತೆ ಸಾಲಾಗಿ ಸೇರಿಸಿಕೊಳ್ಳಬೇಕಾಯಿತು. 1758ರಲ್ಲಿ ಹುಟ್ಟಿದ ಮದ್ರಾಸ್ ರೆಜಿಮೆಂಟ್ ಇಂದಿಗೂ ನಮ್ಮ ಸೇನೆಯ ಅತಿ ಹಳೆಯ ಕಾಲಾಳು ರೆಜಿಮೆಂಟ್. ಕನ್ನಡಿಗರು, ತಮಿಳರು, ಮಲಯಾಳಿಗಳು, ತೆಲುಗರು ಅದರಲ್ಲಿ ಒಟ್ಟಿಗೇ ಇದ್ದಾರೆ.

ಬ್ರಿಟಿಷರು ಹೋದರೂ ಆ ಸಿದ್ಧಾಂತ ನಮ್ಮೊಳಗಿನಿಂದ ಪೂರ್ತಿ ಹೋಗಿಲ್ಲ. ‘ಕೊಡಗಿನವರ ರಕ್ತದಲ್ಲೇ ಸೈನ್ಯ ಇದೆ’ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಕಾರ್ಯಪ್ಪ, ತಿಮ್ಮಯ್ಯ ಅವರ ನಾಡಿನ ಬಗ್ಗೆ ಹೆಮ್ಮೆ ಪಡುವುದು ಸರಿಯೇ. ಆದರೆ ರಕ್ತದ ಲೆಕ್ಕ ಹೇಳಿದರೆ ಆ ಜನ ಪಟ್ಟ ಶ್ರಮವನ್ನು ಮರೆತಂತೆ. ಗುಡ್ಡ ಹತ್ತಿಳಿಯುವ ಬದುಕು, ಮನೆಯಲ್ಲೊಬ್ಬ ನಿವೃತ್ತ ಸುಬೇದಾರ್ ತಾತ, ಬೆಳಗಾದರೆ ಹಾಕಿ ಮೈದಾನ. 1997ರಿಂದ ಅಲ್ಲಿ ಕುಟುಂಬಗಳ ನಡುವೆಯೇ ಹಾಕಿ ಉತ್ಸವ ನಡೆಯುತ್ತಿದೆ. ಮೈದಾನವೂ ಮಾದರಿಯೂ ಕಣ್ಣೆದುರು ಇರುವ ಊರಿನಲ್ಲಿ ಓಡುವ ಮಕ್ಕಳು ಬೆಳೆಯುತ್ತಾರೆ. ಅದು ಬಯಲುಸೀಮೆಯಲ್ಲೂ ಸಾಧ್ಯ.

ಅದಕ್ಕೆ ಸಾಕ್ಷಿ ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ನೆಲೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್‌ನ ತುಕಡಿ ಅದು. ಮೂವರು ಕರ್ನಾಟಕದವರು: ಧಾರವಾಡ, ಹಾಸನ, ಮೈಸೂರು ಜಿಲ್ಲೆಗಳವರು. ನಾಲ್ವರು ತಮಿಳುನಾಡಿನವರು. ಕೇರಳ, ಆಂಧ್ರ, ಮಹಾರಾಷ್ಟ್ರದಿಂದ ಒಬ್ಬೊಬ್ಬರು. ಆರನೆಯ ದಿನ ಹತ್ತಾರು ಅಡಿ ಹಿಮದ ಕೆಳಗಿನಿಂದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕರು. ಫೆಬ್ರುವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಆ ವಾರ ಚೆನ್ನೈನ ಚಹಾ ಅಂಗಡಿಗಳಲ್ಲಿ ತಮಿಳರೂ ನನ್ನನ್ನು ಕೇಳಿದ್ದು ಒಂದೇ ಮಾತು: ‘ನಿಮ್ಮೂರಿನ ಹುಡುಗ ಹೇಗಿದ್ದಾರೆ?’

ಸೇನೆ ಸೇರುವ ಮುನ್ನ ಅವರು ಮೂರು ಸಲ ಆಯ್ಕೆಯಾಗದೆ ವಾಪಸಾಗಿದ್ದರೆಂದು ಆಗ ಪತ್ರಿಕೆಗಳು ಬರೆದಿದ್ದವು. ಇದನ್ನು ನಾನು ಮರೆತಿಲ್ಲ. ಹಾಗೆಯೇ, ಉಸಿರಾಡಲೂ ಕಷ್ಟವಾಗುವ ಆ ಎತ್ತರದಲ್ಲಿ, ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಹಗಲು ರಾತ್ರಿ ಅಗೆದ ಸಹಯೋಧರನ್ನೂ ಮರೆಯಬಾರದು. ಸಿಯಾಚಿನ್‌ನಲ್ಲಿ ಗುಂಡಿಗಿಂತ ಹವಾಮಾನಕ್ಕೆ ಬಲಿಯಾದವರೇ ಹೆಚ್ಚು. ದಪ್ಪ ತೋಳು ಅಲ್ಲಿ ಉಪಯೋಗಕ್ಕೆ ಬರುವುದು ಅಷ್ಟಕ್ಕಷ್ಟೆ. ಹಂತಹಂತವಾಗಿ ಎತ್ತರಕ್ಕೆ ಒಗ್ಗಿದ ದೇಹ, ಮತ್ತು ‘ನಾನು ಬಿದ್ದರೆ ನನ್ನವರು ಹುಡುಕಿಕೊಂಡು ಬರುತ್ತಾರೆ’ ಎಂಬ ನಂಬಿಕೆ, ಇವೆರಡೇ ಆಸರೆ. ಎದುರಾಳಿ ಹೆದರುವುದು ಇಂಥ ಸೇನೆಗೆ.

ಇಷ್ಟೆಲ್ಲ ತಿಳಿದ ನಾನೇ ಎಡವಿದ್ದನ್ನೂ ಹೇಳಬೇಕು. ನನ್ನ ಅಕ್ಕನ ಮಗನಿಗೆ ಅಗ್ನಿವೀರನಾಗುವ ಆಸೆ. 1.6 ಕಿ.ಮೀ. ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ಣ ಅಂಕ. ಬೆಳಗಿನ ನಾಲ್ಕಕ್ಕೆ ಎದ್ದು ಡಾಂಬರು ರಸ್ತೆಯಲ್ಲಿ ಓಡುತ್ತಿದ್ದ. ಹತ್ತಿರದ ಪಟ್ಟಣದ ಒಂದು ಖಾಸಗಿ ತರಬೇತಿ ಕೇಂದ್ರಕ್ಕೆ ದುಡ್ಡು ಕಟ್ಟಿದ್ದ. ನಾನು ವಾರಕ್ಕೊಮ್ಮೆ ಫೋನ್ ಮಾಡಿ ಕೇಳುತ್ತಿದ್ದದ್ದು ‘ಎಷ್ಟು ನಿಮಿಷಕ್ಕ ಬಂತೋ?’ ಎಂದಷ್ಟೇ. ರ‍್ಯಾಲಿಗೆ ಮೂರು ವಾರ ಇರುವಾಗ ಅಕ್ಕನೇ ಫೋನ್ ಮಾಡಿ, ‘ತಮ್ಮಾ, ಇವ ಕುಂಟಾಕ ಹತ್ಯಾನ, ಕೇಳಿದ್ರ ಏನಿಲ್ಲ ಅಂತಾನ’ ಎಂದಳು. ಚೆನ್ನೈಗೆ ಕರೆಸಿಕೊಂಡೆ. ಮೊಣಕಾಲಿನ ಕೆಳಗಿನ ಎಲುಬಿನಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ‘ಎರಡು ತಿಂಗಳಾತು ಮಾಮಾ. ನೋವಿನ್ಯಾಗ ಓಡಿದ್ರನ ಗಟ್ಟಿ ಆಗ್ತದಂತ ಅಲ್ಲಿ ಸರ್ ಹೇಳಿದ್ರು’ ಎಂದ. ತೂಕ ಇಳಿಸಲು ರಾತ್ರಿ ಊಟ ಬಿಟ್ಟಿದ್ದ.

ಓಟ ಶುರುಮಾಡಿದರೆ ಉಸಿರು ಮತ್ತು ಸ್ನಾಯು ಬೇಗ ಸುಧಾರಿಸುತ್ತವೆ. ಎಲುಬು ನಿಧಾನ. ಅದಕ್ಕೆ ವಾರಗಳು, ತಿಂಗಳುಗಳು ಬೇಕು, ಊಟ ಬೇಕು, ನಿದ್ದೆ ಬೇಕು. ಓಟದ ದೂರವನ್ನು ಒಮ್ಮೆಲೇ ಏರಿಸಿದರೆ, ‘ಈಗ ಚೆನ್ನಾಗಿ ಓಡುತ್ತಿದ್ದೇನೆ’ ಎನಿಸುವ ಹೊತ್ತಿನಲ್ಲೇ ಎಲುಬು ಬಿರುಕು ಬಿಡುತ್ತದೆ. ಜಗತ್ತಿನ ಎಲ್ಲ ಸೇನೆಗಳ ತರಬೇತಿ ಶಿಬಿರಗಳಲ್ಲೂ ಈ ಗಾಯ ಚಿರಪರಿಚಿತ. ಮ್ಯಾರಥಾನ್ ಓಡುವ ಚೆನ್ನೈನ ಮ್ಯಾನೇಜರುಗಳಿಗೆ ದಿನವೂ ಇದನ್ನು ಹೇಳಿ ಫೀಸು ಪಡೆಯುವ ನಾನು, ನನ್ನ ಅಳಿಯನಿಗೆ ಒಮ್ಮೆಯೂ ಹೇಳಲಿಲ್ಲ. ಆ ರ‍್ಯಾಲಿ ತಪ್ಪಿತು. ಮುಂದಿನದು ಬರುವಷ್ಟರಲ್ಲಿ ಇಪ್ಪತ್ತೊಂದರ ವಯೋಮಿತಿ ದಾಟಿತು. ಈಗ ಹುಬ್ಬಳ್ಳಿಯ ಗೋದಾಮೊಂದರಲ್ಲಿ ಕೆಲಸಕ್ಕಿದ್ದಾನೆ. ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ. ಅದೇ ನನಗೆ ಹೆಚ್ಚು ಚುಚ್ಚುತ್ತದೆ.

ಯೋಧ ಹುಟ್ಟಿನಿಂದಲೇ ಆಗುವುದಾದರೆ ನಮ್ಮ ಹೊಣೆ ಏನೂ ಇಲ್ಲ, ಆರಿಸಿಕೊಂಡರೆ ಸಾಕು. ಬೆಳೆಸಿದರೆ ಆಗುವುದಾದರೆ, ಬೆಳೆಸುವ ಹೊಣೆ ನಮ್ಮದು. ಪ್ರತಿ ತಾಲೂಕಿನಲ್ಲಿ ಬೆಳಗಿನ ಐದಕ್ಕೆ ಬಾಗಿಲು ತೆರೆಯುವ ಒಂದು ಮಣ್ಣಿನ ಟ್ರ್ಯಾಕ್ ಇರಲಿ. ದೈಹಿಕ ಶಿಕ್ಷಕರ ಖಾಲಿ ಹುದ್ದೆಗಳು ತುಂಬಲಿ. ಹಾಸ್ಟೆಲ್ ಊಟದಲ್ಲಿ ಬೇಳೆ, ಕಾಳು, ಮೊಟ್ಟೆ, ಹಾಲು ಸರಿಯಾಗಿ ಬರಲಿ. ಹುಡುಗರಿಂದ ದುಡ್ಡು ಪಡೆಯುವ ತರಬೇತಿ ಕೇಂದ್ರಗಳಲ್ಲಿ ಯಾರು ಕಲಿಸುತ್ತಿದ್ದಾರೆ ಎಂಬುದನ್ನು ಜಿಲ್ಲಾಡಳಿತ ಒಮ್ಮೆ ನೋಡಲಿ. ಇವು ದೊಡ್ಡ ಖರ್ಚಿನ ಮಾತಲ್ಲ. ಸೇನೆಗೆ ಆಯ್ಕೆಯಾಗದ ಹುಡುಗನಿಗೂ ಇವುಗಳಿಂದ ಒಂದು ಗಟ್ಟಿ ದೇಹವಂತೂ ಉಳಿಯುತ್ತದೆ.

ಹೊರನಾಡಿನಲ್ಲಿರುವ ನಮ್ಮ ಪಾಲಿನದೂ ಸ್ವಲ್ಪ ಇದೆ. ಊರಿನಲ್ಲಿ ಕತ್ತಲಲ್ಲೆದ್ದು ಓಡುವ ಒಬ್ಬ ತಮ್ಮನೋ ಅಳಿಯನೋ ನಿಮಗೂ ಇರಬಹುದು. ಈ ಭಾನುವಾರ ಫೋನ್ ಮಾಡಿದಾಗ ಎಷ್ಟು ನಿಮಿಷ ಎಂದು ಆಮೇಲೆ ಕೇಳಿ. ಮೊದಲು ಏನು ಉಂಡೆ, ಎಷ್ಟು ಹೊತ್ತು ಮಲಗಿದೆ, ಎಲ್ಲಾದರೂ ನೋವಿದೆಯಾ ಎಂದು ಕೇಳಿ. ‘ಏನಿಲ್ಲ’ ಎಂದರೆ ಇನ್ನೊಮ್ಮೆ ಕೇಳಿ.