ಪರಿಹಾರದ ಪಟ್ಟಿ ಕನ್ನಡದಲ್ಲೂ ಬರಲಿ

2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಉಕ್ಕಿ ಹರಿದು ಸೊಲ್ಲಾಪುರ ಜಿಲ್ಲೆಯ ರೈತರ ಬೆಳೆಯನ್ನಷ್ಟೇ ಅಲ್ಲ, ಅನೇಕ ಕಡೆ ಹೊಲದ ಮೇಲ್ಮಣ್ಣನ್ನೂ ಕೊಚ್ಚಿಕೊಂಡು ಹೋಯಿತು. ಮಹಾರಾಷ್ಟ್ರ ಸರಕಾರ ಅಕ್ಟೋಬರ್ 7ರಂದು ಇಡೀ ರಾಜ್ಯಕ್ಕೆ 31,628 ಕೋಟಿ ರೂಪಾಯಿಗಳ ಪರಿಹಾರ ಘೋಷಿಸಿತು. ಹೆಕ್ಟೇರಿಗೆ ಒಣಬೇಸಾಯದ ಹೊಲಕ್ಕೆ 18,500, ಹಂಗಾಮಿ ನೀರಾವರಿಗೆ 27,000, ಬಾಗಾಯತಕ್ಕೆ 32,500 ರೂಪಾಯಿ, ಮೂರು ಹೆಕ್ಟೇರಿನವರೆಗೆ. ಇದನ್ನು ಸ್ವಾಗತಿಸಲು ನಮಗೆ ಸಂಕೋಚವಿಲ್ಲ.

ನಮ್ಮ ತಕರಾರು ಇರುವುದು ಲೆಕ್ಕ ತಿಳಿಸುವ ರೀತಿಯ ಬಗ್ಗೆ. ಈ 18,500 ಒಂದೇ ಗಂಟಲ್ಲ. ವಿಪತ್ತು ನಿಧಿಯ ನಿಯಮದಂತೆ 8,500, ಹಿಂಗಾರಿ ಬೀಜ ಮುಂತಾದ ಖರ್ಚಿಗೆಂದು 10,000, ಹೀಗೆ ಎರಡು ಬೇರೆ ಬೇರೆ ಬಾಬುಗಳು. ಇದನ್ನರಿಯದ ರೈತ ಪಾಸ್‌ಬುಕ್ಕಿನಲ್ಲಿ ಸಣ್ಣ ಅಂಕಿ ಕಂಡು ಯಾರೋ ನಡುವೆ ತಿಂದರೆಂದು ಭಾವಿಸುತ್ತಾನೆ. ನಿಜವಾಗಿ ಕಡಿಮೆ ಬಂದವನೋ, ಮುಂದೆ ಬಂದೀತೆಂದು ಸುಮ್ಮನಿರುತ್ತಾನೆ. ಪ್ರಾಮಾಣಿಕ ತಲಾಠಿಗೂ ಇದರಿಂದ ಕೆಟ್ಟ ಹೆಸರು.

ತಲಾಠಿ, ಗ್ರಾಮಸೇವಕ, ಕೃಷಿ ಸಹಾಯಕರು ಪಂಚನಾಮೆ ಮಾಡಿ, ಶೇಕಡಾ 33ಕ್ಕೆ ಕಡಿಮೆಯಿಲ್ಲದ ಹಾನಿಯನ್ನು ದಾಖಲಿಸುತ್ತಾರೆ. ಅಲ್ಲಿಂದ ತಹಶೀಲ ಕಚೇರಿಗೆ ಹೋದ ಪಟ್ಟಿಯಲ್ಲಿ ಹೆಸರಿದೆಯೇ, ಇ-ಕೆವೈಸಿ ಬಾಕಿಯಿದೆಯೇ, ಕೈಬಿಟ್ಟಿದ್ದರೆ ಏಕೆ ಎಂಬುದು ಮರಾಠಿ ಓದಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಕನ್ನಡ ಶಾಲೆಯಲ್ಲೇ ನಾಲ್ಕಕ್ಷರ ಕಲಿತ ಹಿರಿಯರು ತಮ್ಮದೇ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗಿದೆ. ಓದಿ ಹೇಳುವವನ ಕೈ ಬಿಸಿ ಮಾಡುವುದೂ ಇದೆ, ಏಕೆ ಮುಚ್ಚಿಡಬೇಕು?

ನಾವು ಹೊಸದೇನನ್ನೂ ಬೇಡುತ್ತಿಲ್ಲ. 2005ರ ಮಾಹಿತಿ ಹಕ್ಕು ಕಾಯದೆಯ 4ನೆಯ ಕಲಮಿನಂತೆ ಸಹಾಯಧನದ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನು ಗಮನಿಸಬೇಕೆಂದೂ ಅದೇ ಕಲಮು ಹೇಳುತ್ತದೆ. ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟಿರುವ ತಾಲೂಕುಗಳಲ್ಲಿ ಮಹತ್ವದ ಸರಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರುವುದು ಒಳ್ಳೆಯದೆಂದು ಕೇಂದ್ರದ 1956ರ ಜ್ಞಾಪನಪತ್ರವೇ ಒಪ್ಪಿದೆ. ನೆರೆ ಪರಿಹಾರಕ್ಕಿಂತ ಮಹತ್ವದ ಪ್ರಕಟಣೆ ರೈತನಿಗೆ ಯಾವುದು?

2023ರ ದತ್ತಾಂಶ ಸಂರಕ್ಷಣಾ ಕಾಯದೆಯ ಮೂಲಕ ಮಾಹಿತಿ ಹಕ್ಕಿನ 8ನೆಯ ಕಲಮಿಗಾದ ತಿದ್ದುಪಡಿ 2025ರ ನವೆಂಬರಿನಲ್ಲಿ ಜಾರಿಗೆ ಬಂದಿದೆ. ಇದು ವೈಯಕ್ತಿಕ ಮಾಹಿತಿ, ಕೊಡಲಾಗದು ಎಂಬ ಉತ್ತರ ಇನ್ನು ಮುಂದೆ ಸುಲಭವಾಗಿ ಬರಬಹುದು. ಆದರೆ 4ನೆಯ ಕಲಮು ಹಾಗೆಯೇ ಇದೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಯಾರಿಗೂ ಬೇಡ. ಹೆಸರು, ಗಟ್ ನಂಬರು, ಹಾನಿಯಾದ ಕ್ಷೇತ್ರ, ದರ, ಜಮೆಯಾದ ಮೊತ್ತ, ತಾರೀಖು, ತಿರಸ್ಕರಿಸಿದ್ದರೆ ಕಾರಣ, ಇಷ್ಟು ಸಾಕು. 1994ರಲ್ಲಿ ರಾಜಸ್ಥಾನದ ಹಳ್ಳಿಗಳ ಜನಸುನವಾಯಿಗಳಲ್ಲಿ ಕೂಲಿಯ ಹಾಜರಿಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದಿದ್ದರಿಂದಲೇ ಸುಳ್ಳು ಹೆಸರುಗಳು ಹೊರಬಿದ್ದವು. ಗ್ರಾಮಸಭೆಯಲ್ಲಿ ಈ ಪಟ್ಟಿಯನ್ನೂ ಕನ್ನಡದಲ್ಲಿ ಓದಲಿ.

ಶಾಲೆಯ ಪತ್ರಿಕೆಗೆ ಈ ಉಸಾಬರಿ ಏಕೆ ಎನ್ನುವವರುಂಟು. ಪರಿಹಾರ ಕೈಸೇರದ ಮನೆ ಕಬ್ಬು ಕಡಿಯಲು ಹೊರಟರೆ ಮಗುವೂ ಹೊರಡುತ್ತದೆ. ಪಟಸಂಖ್ಯೆ ಇಳಿದ ಕನ್ನಡ ಶಾಲೆಯ ಗತಿ ಏನೆಂದು ಶಿಕ್ಷಕ ಬಂಧುಗಳಿಗೆ ಹೇಳಬೇಕಾಗಿಲ್ಲ.

ಸಂವಿಧಾನದ 350ನೆಯ ಅನುಚ್ಛೇದದಂತೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸಬಹುದು. ತಹಶೀಲದಾರರಿಗೆ ಕನ್ನಡದಲ್ಲೇ ಬರೆಯಿರಿ, ಸ್ವೀಕೃತಿ ಪಡೆಯಿರಿ, ಒಂದು ಪ್ರತಿಯನ್ನು ನಮಗೂ ಕಳಿಸಿರಿ.